ಹೊಡೆದಾಟದ ಹಿಂದಿನ ಮೈ ಮತ್ತು ದನಿ

1992ರಲ್ಲಿ ಅಮೆರಿಕದ ಮಿಡ್‌ವೇ ಕಂಪನಿ 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ವಿಡಿಯೊ ಗೇಮ್ ಹೊರತಂದಿತು. ಸಮರಕಲೆ ಬಲ್ಲ ನಟರ ಒದೆತ, ಗುದ್ದು, ಉರುಳಾಟಗಳನ್ನು ವಿಡಿಯೊದಲ್ಲಿ ಹಿಡಿದು, ಆ ಚಿತ್ರಗಳನ್ನೇ ಒಂದೊಂದಾಗಿ ಆಟದೊಳಗೆ ಇಳಿಸಿದ್ದರು. ಡೇನಿಯಲ್ ಪೆಸಿನಾ ಅದರಲ್ಲಿ ಜಾನಿ ಕೇಜ್ ಆದರು. ಮುಸುಕು ಹಾಕಿ ನಿಂಜಾ ಕೂಡ ಆದರು. ಆ ನಿಂಜಾನ ಉಡುಪಿನ ಬಣ್ಣವನ್ನು ಕಂಪ್ಯೂಟರಿನಲ್ಲಿ ಹಳದಿ ಮಾಡಿದಾಗ ಸ್ಕಾರ್ಪಿಯನ್, ನೀಲಿ ಮಾಡಿದಾಗ ಸಬ್-ಝೀರೊ, ಹಸಿರು ಮಾಡಿದಾಗ ರೆಪ್ಟೈಲ್ ಹುಟ್ಟಿದವು. ಒಬ್ಬನ ಮೈಯಿಂದ ನಾಲ್ಕು ಪಾತ್ರ. ಮೂರು ದಶಕ ಕಳೆದರೂ ಈ ಪಾತ್ರಗಳು ಹೊಸ ಆಟಗಳಲ್ಲಿ, ಸಿನಿಮಾಗಳಲ್ಲಿ ಕಾದಾಡುತ್ತಲೇ ಇವೆ.

ನಾಣ್ಯ ಹಾಕಿ ಆಡುವ ಯಂತ್ರಗಳಿಗೆಂದು ಚಿತ್ರೀಕರಿಸಿದ ತಮ್ಮ ರೂಪವನ್ನು ಆಟದ ಮನೆಬಳಕೆಯ ಆವೃತ್ತಿಗಳಿಗೆ ಅನುಮತಿಯಿಲ್ಲದೆ ಬಳಸಿದ್ದಾರೆಂದು ಪೆಸಿನಾ ಮೊಕದ್ದಮೆ ಹೂಡಿದರು. 1996ರಲ್ಲಿ ಇಲಿನಾಯ್‌ನ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತೀರ್ಪು ನೆಚ್ಚಿಕೊಂಡ ಸಂಗತಿಗಳಲ್ಲೊಂದು ಇದು: 306 ಆಟಗಾರರನ್ನು ಕೇಳಿದರೆ, ಜಾನಿ ಕೇಜ್‌ನಲ್ಲಿ ಪೆಸಿನಾರನ್ನು ಗುರುತಿಸಿದವರು ಶೇ. 6 ಮಾತ್ರ. ಮರುವರ್ಷ ಇದೇ ಸರಣಿಯಲ್ಲಿ ನಟಿಸಿದ್ದ ಫಿಲಿಪ್ ಆನ್ ಮತ್ತು ಜೊತೆಯ ನಟಿಯರ ಮೊಕದ್ದಮೆಯೂ ಬಿದ್ದುಹೋಯಿತು. ಚಿತ್ರೀಕರಣಕ್ಕೆ ಅವರು ಒಪ್ಪಿದ್ದರು ಎಂಬುದೇ ಮುಳುವಾಯಿತು. ಕಾನೂನಿನ ಅಕ್ಷರಕ್ಕೆ ಇದು ಸರಿಯಿರಬಹುದು. ನ್ಯಾಯವೆಂದು ನಮಗೆ ಒಪ್ಪಲಾಗದು. ಮುಖಕ್ಕೆ ಮುಸುಕು ಹಾಕಿಸಿದವರೂ, ಚಿತ್ರವನ್ನು ತಿದ್ದಿದವರೂ ಕಂಪನಿಯವರೇ. ಹಾಗಿರುವಾಗ ಜನ ಗುರುತಿಸಲಿಲ್ಲ ಎಂಬುದರ ನಷ್ಟ ನಟನ ಪಾಲಿಗೇ ಏಕೆ ಬರಬೇಕು? ಗುರುತು ಎನ್ನುವುದು ತಾರೆಯರನ್ನು ಅಳೆಯುವ ಕೋಲು. 'ಮಾರ್ಟಲ್ ಕಾಂಬ್ಯಾಟ್ 11'ರಲ್ಲಿ ಸಿನಿಮಾದಿಂದ ಬಂದ ಟರ್ಮಿನೇಟರ್‌ಗೆ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮುಖವಿದೆ, ದನಿ ಮಾತ್ರ ಕ್ರಿಸ್ ಕಾಕ್ಸ್ ಅವರದು. ಆಟಗಾರನ ಕಿವಿಯಲ್ಲಿ ಆ ಪಾತ್ರಕ್ಕೆ ಜೀವ ತುಂಬುವುದು ಕಾಕ್ಸ್. ನೋಡುವವನ ನೆನಪಿನಲ್ಲಿ ಉಳಿಯುವುದು ಶ್ವಾರ್ಜ್‌ನೆಗರ್.

ಕೂಲಿ ಕೊಟ್ಟಾಗಿದೆ, ಸಹಿ ಆಗಿದೆ, ಬಂಡವಾಳದ ಅಪಾಯ ಹೊತ್ತದ್ದು ಕಂಪನಿ ಎನ್ನುವ ವಾದ ಹಗುರವಾದುದಲ್ಲ. ಆದರೆ ಸಹಿ ಹಾಕಿದ ದಿನ ಆ ಚಲನೆ ಎಲ್ಲೆಲ್ಲಿಗೆ ಹೋದೀತೆಂದು ನಟನಿಗೆ ಅಂದಾಜಿರದಿದ್ದರೆ, ಅವನ ಒಪ್ಪಿಗೆಯನ್ನು ಆ ದಿನದ ಕೆಲಸಕ್ಕಷ್ಟೇ ಸೀಮಿತಗೊಳಿಸಿ ಓದುವುದು ನ್ಯಾಯ. ಇನ್ನೊಂದು ಆಕ್ಷೇಪ ತಂತ್ರಜ್ಞರದು: ಇಂದು ಮೈಮೇಲೆ ಗುರುತುಗಳನ್ನು ಅಂಟಿಸಿ ಸೆರೆಹಿಡಿದ ಚಲನೆಯನ್ನು ಆ್ಯನಿಮೇಟರ್‌ಗಳು ಎಷ್ಟೋ ತಿದ್ದುತ್ತಾರೆ, ಹಾಗಾಗಿ ಅದು ಬರಿಯ ಡೇಟಾ ಎಂದು. ಸಿನಿಮಾ ನಟನೆಯನ್ನೂ ಸಂಕಲನಕಾರ ಕತ್ತರಿಸುತ್ತಾನೆ, ಜೋಡಿಸುತ್ತಾನೆ. ಅದರಿಂದ ನಟನೆ ಕಚ್ಚಾ ಸರಕಾಗಿಬಿಡಲಿಲ್ಲ. ಇನ್ನು ಕಂಠದಾನ ಮಾಡುವವರ ಶ್ರಮದ ಕಡೆಗೆ ಗಮನ ಹರಿಯುವುದೇ ಕಡಿಮೆ. ಹೊಡೆದಾಟದ ಆಟಕ್ಕೆ ಸಂಭಾಷಣೆ ಸ್ವಲ್ಪವೇ. ಏಟು ಬಿದ್ದಾಗಿನ ನರಳು, ಉರಿಯುವಾಗಿನ ಚೀರು, ಪ್ರಾಣ ಹೋಗುವಾಗಿನ ಕೂಗು, ಇವನ್ನೇ ಮತ್ತೆ ಮತ್ತೆ ಬಗೆಬಗೆಯಾಗಿ ಕೊಡಬೇಕು. ಗಂಟಲು ಹಾಳಾಗುತ್ತದೆ. 2016ರಲ್ಲಿ ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ ಹೂಡಿದ ಮುಷ್ಕರದ ಕಾರಣಗಳಲ್ಲಿ ಈ ಗಂಟಲಿನ ಆಯಾಸವೂ ಒಂದು. 2024ರ ಜುಲೈಯಲ್ಲಿ ಅದೇ ಸಂಘ ಮತ್ತೆ ಮುಷ್ಕರಕ್ಕಿಳಿದಾಗ ಕೃತಕ ಬುದ್ಧಿಮತ್ತೆ ಮುಖ್ಯ ವಿಷಯವಾಗಿತ್ತು. ಸುಮಾರು ಒಂದು ವರ್ಷದ ಮೇಲೆ ಒಪ್ಪಂದವಾಯಿತು: ಡಿಜಿಟಲ್ ಪ್ರತಿರೂಪಕ್ಕೆ ನಟರ ಒಪ್ಪಿಗೆ ಪಡೆಯಬೇಕು, ಬಳಕೆಯನ್ನು ತಿಳಿಸಬೇಕು; ಮುಷ್ಕರದ ಕಾಲದಲ್ಲಿ ನಟರು ಆ ಒಪ್ಪಿಗೆಯನ್ನು ತಡೆಹಿಡಿಯಬಹುದು.

ಇದು ದೂರದ ದೇಶದ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಸಾಲಿನಲ್ಲಿ ನಟನ ಜೊತೆಗೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಹೆಸರಿಸುವಷ್ಟು ಉದಾರವಾಗಿದೆ. 2012ರ ತಿದ್ದುಪಡಿ ಪ್ರದರ್ಶಕರಿಗೆ ರಾಯಧನದ (ರಾಯಲ್ಟಿ) ಹಕ್ಕನ್ನೂ ಹೆಸರಿನ ಹಕ್ಕನ್ನೂ ತಂದಿತು. ಆದರೆ ಅದೇ ತಿದ್ದುಪಡಿ ಒಂದು ಷರತ್ತನ್ನೂ ಸೇರಿಸಿತು: ಸಿನಿಮಾದಲ್ಲಿ ಯಾರ ಪ್ರದರ್ಶನ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಹೆಸರೂ ಎಲ್ಲೂ ಬರುವುದಿಲ್ಲವೋ, ಅವರು ಬಹುಪಾಲು ಹಕ್ಕುಗಳ ಮಟ್ಟಿಗೆ ಪ್ರದರ್ಶಕರೇ ಅಲ್ಲ. ನಾಯಕನ ಬದಲು ಜಿಗಿಯುವ ಸಾಹಸ ಕಲಾವಿದ, ಗುಂಪಿನ ದನಿಗಳಲ್ಲಿ ಒಂದಾಗಿ ಕೂಗುವ ಡಬ್ಬಿಂಗ್ ಕಲಾವಿದೆ, ಇವರ ಹೆಸರು ಬಿಡುವುದು ರೂಢಿಯಾದರೆ ಆ ರೂಢಿಯೇ ಅವರ ಹಕ್ಕನ್ನು ಕಿತ್ತುಕೊಳ್ಳಲು ದಾರಿಯಾಗುತ್ತದೆ. ಪೆಸಿನಾ ಸೋತ ತರ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕನ್ನಡದ ನಿರ್ಮಾಪಕರು ಕಾನೂನಿನ ತಿದ್ದುಪಡಿಗೆ ಕಾಯಬೇಕಿಲ್ಲ: ಪ್ರತಿ ಸಾಹಸ ಕಲಾವಿದರ, ಪ್ರತಿ ಕಂಠದಾನ ಕಲಾವಿದರ ಹೆಸರನ್ನು ತೆರೆಯ ಮೇಲೆ ಹಾಕಲಿ. ಕರಾರಿನಲ್ಲಿ ದನಿಯ, ಚಲನೆಯ ಯಾಂತ್ರಿಕ ನಕಲಿಗೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಸಂಭಾವನೆ ಇರಲಿ.