ಮೈಲಾಪುರದ ಬುಕಿಂಗು, ಕ್ರೋಂಪೇಟೆಯ ಅಡುಗೆಮನೆ



ನಮ್ಮ ಹಿರಿಯರು ಉಡುಪಿ, ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದ ಕಾಲದಲ್ಲಿ ಗಲ್ಲಾ, ಉಗ್ರಾಣ, ಒಲೆ ಮೂರೂ ಒಂದೇ ಸೂರಿನಡಿ ಇರುತ್ತಿದ್ದವು. ಯಜಮಾನರು ಕುಳಿತಲ್ಲಿಂದಲೇ "ಇನ್ನು ಐವತ್ತು ಎಲೆ" ಎಂದು ಕೂಗಿದರೆ ಭಟ್ಟರಿಗೆ ಕೇಳಿಸುತ್ತಿತ್ತು. ಈಗ ಗಿರಾಕಿಗಳು ಬರುವುದು ಮೈಲಾಪುರ, ಮಾಂಬಲಂ ಕಡೆಗೆ. ಅಲ್ಲಿಯ ಬಾಡಿಗೆಗೆ ಹೆದರಿ ಅಡುಗೆಮನೆಯನ್ನು ಕ್ರೋಂಪೇಟೆ, ಪಲ್ಲಾವರಕ್ಕೆ ಸಾಗಿಸಿದವರು ನಮ್ಮಲ್ಲಿ ಅನೇಕರು. ಎರಡರ ನಡುವೆ ಇರುವುದು ಫೋನು, ವಾಟ್ಸ್ಆ್ಯಪ್.

ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು ಎಂಬುದೇ ನಮ್ಮ ಅಭಿಪ್ರಾಯ. ಮುಹೂರ್ತದ ಹಿಂದಿನ ರಾತ್ರಿ ಬೀಗರು ಎಲೆ ಲೆಕ್ಕವನ್ನು ಮೂರು ಸಲ ಬದಲಿಸುತ್ತಾರೆ. ಆ ಮೂರೂ ಸಂದೇಶಗಳು ತರಕಾರಿ ಫೋಟೋ, ಶುಭೋದಯಗಳ ನಡುವೆ ಹೂತುಹೋಗಿ, ಕೊನೆಯದು ಯಾವುದೆಂದು ಬೆಳಗಿನ ನಾಲ್ಕು ಗಂಟೆಗೆ ಯಾರಿಗೂ ಗೊತ್ತಾಗುವುದಿಲ್ಲ. ಪಾಯಸ ಕಡಿಮೆ ಬಿದ್ದ ಮದುವೆಯನ್ನು ಚೆನ್ನೈಯಲ್ಲಿ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ! ಆರ್ಡರ್ ಪುಸ್ತಕ ಒಂದೇ ಇರಬೇಕು, ಎರಡೂ ಕಡೆ ಅದೇ ಕಾಣಿಸಬೇಕು.

ಹೀಗೆ ಜೋಡಿಸುವಾಗ ಕೆಲವು ತಂತ್ರಜ್ಞರು ಅಗ್ಗದ ದಾರಿ ತೋರಿಸುತ್ತಾರೆ. ಮುಖ್ಯ ಕಚೇರಿಯ ಕಂಪ್ಯೂಟರಿನ 'ರಿಮೋಟ್ ಡೆಸ್ಕ್‌ಟಾಪ್' ಅನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟು, ಶಾಖೆಯಿಂದ ಪಾಸ್‌ವರ್ಡ್ ಹಾಕಿ ಒಳಬರುವುದು. ಹತ್ತು ನಿಮಿಷದ ಕೆಲಸ. ಆದರೆ ಇದು ಉಗ್ರಾಣದ ಬಾಗಿಲನ್ನು ಬೀದಿಗೆ ತೆರೆದಿಟ್ಟು ಬರೀ ಚಿಲಕ ಹಾಕಿದಂತೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕಳ್ಳರು ಹುಡುಕುವುದು ಇಂಥ ಬಾಗಿಲುಗಳನ್ನೇ. ಇದಕ್ಕೆ ಒಪ್ಪಬೇಡಿರೆಂದು ಸದಸ್ಯರನ್ನು ಕೇಳಿಕೊಳ್ಳುತ್ತೇವೆ.

ಸರಿಯಾದ ಕ್ರಮವೆಂದರೆ ವಿ.ಪಿ.ಎನ್. ಇಂಟರ್‌ನೆಟ್ಟಿನ ಮೂಲಕವೇ ಎರಡು ಕಚೇರಿಗಳ ನಡುವೆ ಹಾಕುವ ಗುಪ್ತ ಕೊಳವೆ ಇದು. ಎರಡೂ ಕಡೆಯ ರೂಟರುಗಳಲ್ಲಿ ಆ ಸೌಲಭ್ಯವಿದ್ದರೆ ಸಾಕು, ಬೇರೆ ತಂತಿ ಎಳೆಯಬೇಕಿಲ್ಲ. ಎರಡು ಮಾತು ಮಾತ್ರ ಮೊದಲೇ ತಿಳಿದಿರಲಿ. ಅಂಗಡಿಯಿಂದ ತಂದ ರೂಟರುಗಳಲ್ಲಿ ಸಾಮಾನ್ಯವಾಗಿ 192.168.0 ಅಥವಾ 192.168.1 ಎಂಬ ವಿಳಾಸಸಾಲು ಇರುತ್ತದೆ. ಎರಡು ಕಡೆಯೂ ಒಂದೇ ಸಾಲಿದ್ದರೆ, ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದಂತಾಗಿ ಕಾಗದ ಎಲ್ಲಿಗೂ ತಲುಪುವುದಿಲ್ಲ. ಶಾಖೆಯದನ್ನು 192.168.20 ಎಂದು ಬದಲಿಸಿಕೊಳ್ಳಿ. ಇನ್ನೊಂದು, ಹಲವು ಕಂಪನಿಗಳು ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಹಾಗಿದ್ದಲ್ಲಿ ಹೊರಗಿನಿಂದ ನಿಮ್ಮ ರೂಟರನ್ನು ತಲುಪಲಾಗದು. ಮುಖ್ಯ ಕಚೇರಿಗೆ ಮಾತ್ರ ಸ್ಥಿರ ವಿಳಾಸ ಕೇಳಿ ಪಡೆಯಿರಿ. ಶಾಖೆಯೇ ಅದನ್ನು ಕರೆಯುವಂತೆ ಹೊಂದಿಸಬಹುದು.

ಶಾಖೆಗೆ ಎಲ್ಲವನ್ನೂ ತೋರಿಸಬೇಕೆಂದಿಲ್ಲ. ಆರ್ಡರ್, ಮುಂಗಡ, ಪಾತ್ರೆಗಳ ಲೆಕ್ಕ ಸಾಕು. ಸಂಬಳದ ಪಟ್ಟಿ ಬುಕಿಂಗ್ ಹುಡುಗನಿಗೆ ಯಾಕೆ?

ಇನ್ನು ಚೆನ್ನೈಯ ಮಳೆ. 2015ರ ಡಿಸೆಂಬರಿನ ಪ್ರವಾಹ, 2016ರ ಡಿಸೆಂಬರ್ 12ರ ವಾರ್ದಾ ಚಂಡಮಾರುತ, 2023ರ ಮಿಚಾಂಗ್ – ಪ್ರತಿಸಲವೂ ಕರೆಂಟು, ಫೋನು, ಇಂಟರ್‌ನೆಟ್ಟು ಒಟ್ಟಿಗೇ ಕೈಕೊಟ್ಟವು. ಆದ್ದರಿಂದ ಕೇಬಲ್ಲಿನ ಜೊತೆಗೆ ಇನ್ನೊಂದು ಕಂಪನಿಯ ಮೊಬೈಲ್ ಸಿಮ್ ಇರಲಿ, ರೂಟರಿಗೂ ಇನ್ವರ್ಟರ್ ಸಂಪರ್ಕವಿರಲಿ (ಫ್ಯಾನಿಗೆ ಕೊಟ್ಟು ರೂಟರನ್ನು ಮರೆಯುವವರೇ ಹೆಚ್ಚು). ಸಂಜೆ ಏಳಕ್ಕೆ ಮರುದಿನದ ಇಂಡೆಂಟನ್ನು ಕಾಗದದ ಮೇಲೆ ಮುದ್ರಿಸಿ ಭಟ್ಟರ ಕೈಗೆ ಕೊಡುವ ಪದ್ಧತಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಸಂಪರ್ಕ ಕಡಿದಾಗ ಬಿಲ್ಲಿನ ನಂಬರು ಗೊಂದಲವಾಗುತ್ತದೆ. ಜಿ.ಎಸ್.ಟಿ. ನಿಯಮದ ಪ್ರಕಾರ ಬಿಲ್ ಸಂಖ್ಯೆ 16 ಅಕ್ಷರ ಮೀರದೆ, ಆ ಆರ್ಥಿಕ ವರ್ಷದಲ್ಲಿ ಮರುಕಳಿಸದೆ ಇರಬೇಕು. ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅಡ್ಡಿಯಿಲ್ಲ. ಶಾಖೆಗೆ ಬೇರೆ ಸರಣಿ ಕೊಟ್ಟುಬಿಟ್ಟರೆ ಸಂಪರ್ಕ ಇರಲಿ, ಬಿಡಲಿ, ಒಂದೇ ನಂಬರಿನ ಎರಡು ಬಿಲ್ ಹುಟ್ಟುವುದಿಲ್ಲ. ತಮಿಳುನಾಡಿನೊಳಗಿನ ಶಾಖೆಯನ್ನು ಅದೇ ನೋಂದಣಿಯಲ್ಲಿ ಹೆಚ್ಚುವರಿ ಸ್ಥಳವಾಗಿ ಸೇರಿಸಬಹುದು. ಬೆಂಗಳೂರಿನಲ್ಲಿ ಶಾಖೆ ತೆರೆದರೆ ಅಲ್ಲಿಗೆ ಬೇರೆ ನೋಂದಣಿ ಬೇಕು.

ಮಾರ್ಗಳಿಯಲ್ಲಿ ಮದುವೆಗಳಿಲ್ಲ. ಆ ತಿಂಗಳಲ್ಲೇ ಜೋಡಣೆ ಮುಗಿಸಿ, ಒಂದು ದಿನ ಕೇಬಲ್ಲನ್ನು ಬೇಕೆಂದೇ ಕಿತ್ತು, ಮೊಬೈಲ್ ಸಿಮ್ ತಾನಾಗಿ ಕೆಲಸ ಹಿಡಿಯುತ್ತದೆಯೇ ಎಂದು ನೋಡಿ. ತೈ ತಿಂಗಳ ಮೊದಲ ಮುಹೂರ್ತಕ್ಕೆ ಮುಂಚೆ ತಂತ್ರಜ್ಞರಿಗೆ ಪೂರ್ತಿ ಹಣ ಕೊಡಬೇಡಿ.