ನಿವೃತ್ತ ದಂಪತಿಗಳೂ ಗೆದ್ದಲು ಹಿಡಿದ ರಿಜಿಸ್ಟರೂ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಚರ್ಚಿನವರ ದೊಡ್ಡದೊಂದು ವಂಶಾವಳಿ ಗ್ರಂಥಾಲಯವಿದೆ. ಬಂದವರಿಗೆ ಅಜ್ಜ, ಮುತ್ತಜ್ಜರ ಹೆಸರು ಹುಡುಕಿಕೊಡಲು ಅಲ್ಲಿ ಎಷ್ಟೋ ನಿವೃತ್ತ ದಂಪತಿಗಳು ಕುಳಿತಿರುತ್ತಾರೆ. ಸಂಬಳವಿಲ್ಲ. ಮನೆ ಬಾಡಿಗೆ, ಊಟ ಎಲ್ಲ ಕೈಯಿಂದಲೇ. ಮೊಮ್ಮಕ್ಕಳನ್ನು ಊರಲ್ಲಿ ಬಿಟ್ಟು ಆರು ತಿಂಗಳು, ಒಂದು ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ ಹೀಗಿರುತ್ತಾರೆ. ಇನ್ನು ಕೆಲವು ಜೋಡಿಗಳು ದೂರದ ದಾಖಲೆ ಕಚೇರಿಗಳಿಗೆ ಹೋಗಿ, ದಿನವಿಡೀ ಹಳೆಯ ಪುಸ್ತಕದ ಪುಟ ಪುಟದ ಫೋಟೊ ತೆಗೆಯುತ್ತಾರೆ. 1938ರಲ್ಲಿ ಶುರುವಾದ ಈ ಚರ್ಚಿನ ಮೈಕ್ರೋಫಿಲ್ಮ್ ಕೆಲಸದಿಂದ 24 ಲಕ್ಷದಷ್ಟು ಸುರುಳಿಗಳಾದವು. 2021ರಲ್ಲಿ ಅವೆಲ್ಲ ಕಂಪ್ಯೂಟರಿಗೂ ಬಂದವು.

ಸತ್ತ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮಾಡಿಸುವುದು ಅವರ ಉದ್ದೇಶ. ನಾಜಿಗಳಿಗೆ ಬಲಿಯಾದವರ ಹೆಸರಲ್ಲೂ ಇದು ನಡೆದಾಗ ಯಹೂದಿಗಳು ಪ್ರತಿಭಟಿಸಿದರು, 1995ರಲ್ಲಿ ಒಪ್ಪಂದವೂ ಆಯಿತು. ಕೇಳದೆ ಕೊಡುವ ದೀಕ್ಷೆ ನಮಗೂ ಹಿಡಿಸದು. ಆದರೆ ಆ ಮುದುಕ-ಮುದುಕಿಯರ ಶ್ರದ್ಧೆ ಇದೆಯಲ್ಲ, ಅದಕ್ಕೆ ಕೈ ಮುಗಿಯಬೇಕು.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೂ ಹಿಂದಿನ ದಾಖಲಾತಿ ರಿಜಿಸ್ಟರುಗಳಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಎಲ್ಲ ಮುದ್ದಾದ ಕನ್ನಡದಲ್ಲಿವೆ. ನಾವು ಕಂಡ ಒಂದು ಶಾಲೆಯಲ್ಲಿ ಅದು ಮುರಿದ ಬೆಂಚಿನ ಕೆಳಗಿತ್ತು. ಮೊದಲ ಹನ್ನೆರಡು ಪುಟ ಗೆದ್ದಲಿನ ಪಾಲು. ಇಲ್ಲಿ ಕನ್ನಡಿಗರು ಇದ್ದರೇ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರುವುದು ಇಂಥ ಪುಸ್ತಕಗಳೇ ತಾನೆ?

ಪಿಂಚಣಿ ಪಡೆಯುತ್ತಿರುವ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ಮೊಬೈಲಿನಲ್ಲಿ ಕ್ಯಾಮರಾ ಇದೆ. ಒಂದು ಶನಿವಾರ ಬನ್ನಿ. ಹೆಡ್‌ಮಾಸ್ಟರ ಅನುಮತಿ ನಾವು ಕೇಳಿಡುತ್ತೇವೆ.