ನಾಲ್ಕು ಅಂಗಡಿ, ಒಂದೇ ರೇಟು: ಕೇಳೋದಕ್ಕೆ ಕಾನೂನಿದೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಸುದ್ದಿಗೆ ಹೋದರೆ ರೈತರಿಂದ ಕೇಳಿಬರುವ ದೂರು ಒಂದೇ. ನಾಲ್ಕು ಅಂಗಡಿ ತಿರುಗಿದರೂ ಒಂದೇ ರೇಟು, ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡಿರುತ್ತಾರೆ ಅಂತ.

ರೇಟು ಒಂದೇ ಇದ್ದ ಮಾತ್ರಕ್ಕೆ ಮೋಸ ಅನ್ನಲಾಗದು. ಕೋಳಿ ಆಹಾರದ ಕಂಪನಿ ಕೊಡುವ ಬೆಲೆ ನೋಡಿಕೊಂಡು ಎಲ್ಲರೂ ಅಷ್ಟಕ್ಕೇ ಕೇಳಿರಬಹುದು. ಆದರೆ ಕೂತು ಮಾತಾಡಿ ಬೆಲೆ ಕಟ್ಟಿದ್ದರೆ ಅದು ಅಪರಾಧವೇ. 2002ರ ಸ್ಪರ್ಧಾ ಕಾಯ್ದೆಯ ಕಲಂ 3 ಮಾರುವ ಬೆಲೆಗೆ ಮಾತ್ರವಲ್ಲ, ಕೊಳ್ಳುವ ಬೆಲೆಗೂ ಅನ್ವಯಿಸುತ್ತದೆ. ಟೆಂಡರ್‌ನಲ್ಲಿ ಒಳಒಪ್ಪಂದವೂ ಅದರಲ್ಲೇ ಬರುತ್ತದೆ.

ಇದೆಲ್ಲ ದೊಡ್ಡವರ ಕಾನೂನು ಅನ್ನಬೇಡಿ. ಕನ್ನಡದಲ್ಲಿ ಡಬ್ಬಿಂಗ್ ತಡೆಯುತ್ತಿದ್ದಾರೆ ಎಂದು ದೂರು ಕೊಟ್ಟಿದ್ದು ಕನ್ನಡ ಗ್ರಾಹಕರ ಕೂಟ, ಅಂದರೆ ನಮ್ಮಂಥ ಪ್ರೇಕ್ಷಕರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೇ ದಂಡ ಹಾಕಿತು. ಡಬ್ಬಿಂಗ್ ಬೇಕೋ ಬೇಡವೋ ಅನ್ನೋ ಜಗಳ ಬೇರೆ. ಸಂಘ ಕಟ್ಟಿಕೊಂಡು ಇನ್ನೊಬ್ಬರ ದಾರಿ ಮುಚ್ಚುವಂತಿಲ್ಲ ಅನ್ನೋದು ಅಲ್ಲಿ ಖಚಿತವಾಯಿತು. ನಾವು ಮನೆ ಕಟ್ಟಲು ತರುವ ಸಿಮೆಂಟಿನ ಕಂಪನಿಗಳಿಗೂ ಬೆಲೆ ಕೂಟದ ಆರೋಪದಲ್ಲಿ 2012ರಲ್ಲಿ ಆರು ಸಾವಿರ ಕೋಟಿಗೂ ಮೀರಿ ದಂಡ ಬಿತ್ತು. ಆ ಕೇಸು ಮಾತ್ರ ಮೇಲ್ಮನವಿಗಳಲ್ಲೇ ವರ್ಷಗಟ್ಟಲೆ ಓಡಿತು.

ಹಾಗಾಗಿ ಕಾನೂನೊಂದನ್ನೇ ನಂಬಿ ಕೂರಬಾರದು ಅನ್ನೋದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು 34 ಹೋಳು ಮಾಡಿದರು. ಮಾರುಕಟ್ಟೆ ಹಿಡಿತದಲ್ಲಿಟ್ಟುಕೊಂಡ ಕಂಪನಿಯನ್ನು ಒಡೆಯಲು ನಮ್ಮ ಕಾಯ್ದೆಯಲ್ಲೂ ಕಲಂ 28 ಇದೆ. ಆದರೆ ಬಾಯಿಮಾತಿನ ಕೂಟವನ್ನು ಹೋಳು ಮಾಡೋದು ಹೇಗೆ? ಅದನ್ನು ಒಡೆಯೋಕೆ ಇನ್ನೊಬ್ಬ ಖರೀದಿದಾರ ಬೇಕು. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ತುಮ್ಕೋಸ್ ಇದೆ. ಮಂಡಿ ರೇಟು ಸರಿ ಅನ್ನಿಸದಿದ್ದರೆ ತಮ್ಮದೇ ಸಹಕಾರ ಸಂಘಕ್ಕೆ ಮಾಲು ಹಾಕಬಹುದು. ಜೋಳದ ರೈತನಿಗೂ ಅಂಥದ್ದೊಂದು ಬಾಗಿಲು ಬೇಕು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಬಿಳಿ ಚೀಟಿ ಬೇಡ, ಬಿಲ್ ಕೇಳಿ. ದಿನ, ರೇಟು, ಅಂಗಡಿ ಬರೆದಿಡಿ. ಆಯೋಗಕ್ಕೆ ಯಾರು ಬೇಕಾದರೂ ದೂರು ಕೊಡಬಹುದು, ಆದರೆ ಶುಲ್ಕ ಇದೆ, ಆಯೋಗ ಇರೋದು ದೆಹಲಿಯಲ್ಲಿ. ಒಬ್ಬರೇ ಹೋಗುವ ಬದಲು ಸಂಘದ ಹೆಸರಲ್ಲಿ ಹೋಗಿ. ಅವರು ಒಟ್ಟಾಗಿದ್ದಾರೆ ಅಂತ ಬೈಯುವ ನಾವು ಒಟ್ಟಾಗೋದು ಯಾವಾಗ?